ಮೂವತ್ತೆರಡು ಕೋಣೆಯ ಖಾಲಿ ಮನೆ

ಇಷ್ಟು ಸಣ್ಣ ಹುಳದ ಬಗ್ಗೆ ಇಷ್ಟುದ್ದದ ಕತೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಹೊಸದುರ್ಗದ ಬಾವಿ ಬೀದಿಯಲ್ಲಿ ಇದನ್ನು ಇದಕ್ಕಿಂತ ರುಚಿಯಾಗಿ ಹೇಳುವವರು ಮನೆಗೊಬ್ಬರಂತೆ ಇದ್ದಾರೆ. ಆದರೆ ಅವರು ಹೇಳುವಾಗ ರೇವಣಸಿದ್ದಪ್ಪನನ್ನು ಒಂದು ಸಲ ಮಾಟಗಾರನನ್ನಾಗಿಯೂ ಇನ್ನೊಂದು ಸಲ ಪವಾಡಪುರುಷನನ್ನಾಗಿಯೂ ಮಾಡಿಬಿಡುತ್ತಾರೆ. ಅವನು ಎರಡೂ ಅಲ್ಲ. ಹೈಸ್ಕೂಲಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದು, ಒರೆಸಿ, ಯಾರೋ ಒಡೆದದ್ದಕ್ಕೂ ತಾನೇ ಕಾರಣವೇನೋ ಎಂದು ಹೆದರಿಕೊಂಡು ಬದುಕುವ ಅಟೆಂಡರ್. ಆದದ್ದನ್ನು ಆದಷ್ಟಕ್ಕೇ ಹೇಳಿದರೆ ಅವನಿಗೂ ಹುಳಕ್ಕೂ ಅನ್ಯಾಯವಾಗಲಾರದು ಎಂಬ ನಂಬಿಕೆಯಿಂದ ಶುರುಮಾಡಿದ್ದಾಗಿದೆ.

ಎಲ್ಲಕ್ಕೂ ಮೂಲ ಒಂದು ಕುಂಬಳದ ಬಳ್ಳಿ. ರೇವಣಸಿದ್ದಪ್ಪನ ಹಿತ್ತಲಲ್ಲಿ ಅದು ಬಚ್ಚಲಮನೆಯ ಮಾಡು ಹತ್ತಿ, ಅಲ್ಲಿಂದ ಕಾಂಪೌಂಡಿಗೆ ಇಳಿದು, ದಿನಕ್ಕೆ ಹತ್ತು ಹೂವು ಬಿಡುತ್ತಿತ್ತು. ಕಾಯಿ ಮಾತ್ರ ಒಂದೂ ನಿಲ್ಲುತ್ತಿರಲಿಲ್ಲ. ಮಿಡಿ ಗೋಲಿಯಷ್ಟಾಗುವುದು, ಕಾಮಾಲೆ ಬಂದವರ ಕಣ್ಣಿನಂತೆ ಹಳದಿಯಾಗುವುದು, ಉದುರುವುದು. ಹೂವಿಂದ ಹೂವಿಗೆ ಓಡಾಡುವ ಹುಳವೇ ಇಲ್ಲ, ಕಾಯಿ ಎಲ್ಲಿಂದ ಕಟ್ಟೀತು ಎಂದು ಯಾರೋ ಹೇಳಿದರು. ಸರಿ, ಅವನೇ ಬೆಳಗ್ಗೆ ಆರಕ್ಕೆ ಎದ್ದು ಒಂದು ಹಳೆಯ ಕುಂಚ ಹಿಡಿದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರತೊಡಗಿದ. ಪಕ್ಕದ ಮನೆಯ ಮರುಳಸಿದ್ದಮ್ಮ ಕಾಂಪೌಂಡಿನ ಮೇಲೆ ಗದ್ದ ಊರಿ ಅದನ್ನು ನೋಡಿದಳು. ಆಕೆಯ ಗಂಟಲು ಎಂಥದೆಂದರೆ, ಗುಟ್ಟು ಹೇಳಿದರೂ ಗುಡ್ಡದ ಮೇಲಿನ ಗಾಳಿಯಂತ್ರದವರೆಗೆ ಕೇಳಿಸುತ್ತದೆ.

“ಏನ್ರಿ ರೇವಣಸಿದ್ದಪ್ಪ, ಹೂವಿಗೆ ಲಗ್ನ ಮಾಡ್ಸೋ ಅಯ್ನೋರಾಗಿಬಿಟ್ರಾ? ಅಕ್ಷತೆಗೆ ನಮ್ಮನ್ನೂ ಕರೀರಪ್ಪ.”

ಅಂದಿನಿಂದ ಬೀದಿಯವರು ಅವನನ್ನು ಕಂಡಾಗಲೆಲ್ಲ ಇವತ್ತು ಎಷ್ಟು ಲಗ್ನ ಎಂದು ಕೇಳುತ್ತಿದ್ದರು. ರೇವಣಸಿದ್ದಪ್ಪನಿಗೆ ಜಗಳ ಬರುತ್ತಿರಲಿಲ್ಲ. ಆದ್ದರಿಂದ ನಿಜವಾದ ಸಂಖ್ಯೆಯನ್ನೇ ಹೇಳುತ್ತಿದ್ದ.

ಹೀಗಿರುವಾಗ ಹಿರಿಯೂರಿನಲ್ಲಿ ಕೈತೋಟದವರಿಗೆಂದು ಒಂದು ದಿನದ ತರಬೇತಿ ನಡೆಯಿತು. ಅವನೂ ಹೋದ. ಅಲ್ಲಿ ಪಾಠ ಹೇಳಿದ ಮೇಡಂ ಒಂಟಿ ಜೇನಿನ ವಿಷಯ ತೆಗೆದರು. ಈ ಜೇನಿಗೆ ರಾಣಿ ಇಲ್ಲ, ಹಿಂಡಿಲ್ಲ, ತುಪ್ಪದ ಗೊಡವೆಯಿಲ್ಲ. ಬೆರಳು ಗಾತ್ರದ ತೂತು ಕಂಡರೆ ಹೆಣ್ಣು ಒಳಹೊಕ್ಕು, ಹೂವಿನ ಪುಡಿ ತಂದು ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆಯಿಟ್ಟು, ಹಸಿಮಣ್ಣಿನಿಂದ ಬಾಯಿ ಮುಚ್ಚಿ ಹೋಗುತ್ತದೆ. ಮರಿ ಒಳಗೇ ಉಂಡು ಬೆಳೆದು, ಮಣ್ಣು ಕೊರೆದು ಹೊರಬರುತ್ತದೆ. ಹಿಡಿದು ಅಮುಕಿದ ಹೊರತು ಚುಚ್ಚುವುದಿಲ್ಲ. ಹಿತ್ತಲಲ್ಲಿ ಬಿದಿರಿನ ಕೊಳವೆಗಳನ್ನು ಕಟ್ಟಿ, ಹತ್ತಿರದಲ್ಲಿ ಹಸಿಮಣ್ಣು ಇಟ್ಟರೆ ತಾನಾಗಿ ಬರುತ್ತದೆ ಎಂದರು ಮೇಡಂ. ರೇವಣಸಿದ್ದಪ್ಪ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ‘ತಾನಾಗಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದ.

ಊರಿಗೆ ಬಂದವನೇ ದಾಳಿಂಬೆಯ ಹಳೆ ಪೆಟ್ಟಿಗೆಯೊಂದರಲ್ಲಿ ಗೇಣುದ್ದದ ಮೂವತ್ತೆರಡು ಬಿದಿರು ಕೊಳವೆ ಜೋಡಿಸಿದ. ಹುಳದ ರೆಕ್ಕೆ ತರಚಬಾರದೆಂದು ಒಂದೊಂದರ ಬಾಯನ್ನೂ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ. ಎಳೆಬಿಸಿಲು ಬೀಳುವ ಕಡೆ ಹಿತ್ತಲ ಗೋಡೆಗೆ ನೇತುಹಾಕಿದ. ಬಾವಿ ಬೀದಿಯ ಮಣ್ಣು ಕಪ್ಪು, ಒಣಗಿದರೆ ಬಿರಿಯುತ್ತದೆ. ಹುಳದ ಮನೆ ಬಿರುಕು ಬಿಟ್ಟೀತೆಂದು ಹೊಳಲ್ಕೆರೆ ರಸ್ತೆಯ ಗುಡ್ಡದ ಬುಡದಿಂದ ಕೆಮ್ಮಣ್ಣು ತಂದು, ಜರಡಿ ಹಿಡಿದು, ಬೋಗುಣಿಯಲ್ಲಿ ಕಲಸಿಟ್ಟು, ದಿನಾ ಎರಡು ಹೊತ್ತು ನೀರು ಚಿಮುಕಿಸಿದ. ಸ್ವಂತ ಮನೆಗೆ ಗಿಲಾವು ಮಾಡಿಸುವಾಗಲೂ ಇವರು ಇಷ್ಟು ಮುತುವರ್ಜಿ ವಹಿಸಿರಲಿಲ್ಲ ಎಂದು ಹೆಂಡತಿ ಸುಮಿತ್ರಾ ಬಂದವರಿಗೆಲ್ಲ ಹೇಳುತ್ತಿದ್ದಳು.

ನಲವತ್ತು ದಿನ ಕಳೆಯಿತು. ಒಂದು ಜೇಡ ಬಂದು ಮೂರನೇ ಕೊಳವೆಯಲ್ಲಿ ಎರಡು ದಿನ ಇದ್ದು, ಅನುಕೂಲ ಸಾಲದೆಂದು ಹೊರಟುಹೋಯಿತು. ಬೀಗ ರಿಪೇರಿಯ ಚಂದ್ರು ಬಂದು ನೋಡಿ, ನೀರು ಕರೆಂಟು ಎರಡೂ ಐತೆ ಅಂತ ಒಂದು ಬೋರ್ಡು ಹಾಕ್ರಿ, ಆಗ ಬರ್ತಾವೆ ಎಂದು ಸಲಹೆ ಕೊಟ್ಟ. ರೇವಣಸಿದ್ದಪ್ಪ ನಗುತ್ತಿದ್ದನಾದರೂ ಒಳಗೊಳಗೆ ಅವನಿಗೆ ನೋವಿತ್ತು. ಮದುವೆ ಮನೆಗೆ ಚಪ್ಪರ ಹಾಕಿ, ಎಲೆ ಹಾಕಿ, ದಿಬ್ಬಣವೇ ಬಾರದೆ ನಿಂತವನ ನೋವು. ತನ್ನಲ್ಲೇ ಏನೋ ಕೊರತೆ ಇರಬೇಕು, ಹುಳಕ್ಕೂ ಅದು ಗೊತ್ತಾಗಿರಬೇಕು ಎಂದು ಅವನಿಗೆ ಅನ್ನಿಸತೊಡಗಿತ್ತು.

ನಲವತ್ತೊಂದನೆಯ ದಿನ ಯುಗಾದಿಯ ಹಿಂದಿನ ಅಮಾವಾಸ್ಯೆ. ಶಾಲೆಗೆ ರಜೆ. ಬೆಳಗ್ಗೆ ಅವನು ಟಾರ್ಚು ಹಿಡಿದು ಒಂದೊಂದೇ ಕೊಳವೆಯೊಳಗೆ ಕಣ್ಣಿಟ್ಟು ನೋಡುತ್ತಿದ್ದಾಗ ಸುಮಿತ್ರಾ ಪೊರಕೆ ಹಿಡಿದು ಹಿತ್ತಲಿಗೆ ಬಂದಳು.

“ನೋಡ್ರಿ, ನಾಳೆ ಎಣ್ಣೆನೀರು. ಹಂಡೆ ಕಾಯಿಸಕ್ಕೆ ಒಣಸೌದೆ ಇಲ್ಲ. ಇವತ್ತು ದೀಪ ಹಚ್ಚೋ ಹೊತ್ತಿಗೂ ಈ ಪೆಟ್ಟಿಗೆ ಹಿಂಗೇ ಖಾಲಿ ಇದ್ರೆ, ಬಿದಿರು ನೇರ ಒಲೆಗೆ.”

“ಹುಳಕ್ಕೆ ನೋಟೀಸು ಕೊಡಕ್ಕಾಗ್ತೈತೇನೆ?”

“ನಿಮಗೆ ಕೊಟ್ಟೀನಿ.”

ಸುಮಿತ್ರಾ ಹೇಳಿದರೆ ಹೇಳಿದಂತೆಯೇ. ಹಿಂದೊಮ್ಮೆ ಅವನ ಹಾರ್ಮೋನಿಯಂ ಪೆಟ್ಟಿಗೆಗೂ ಹೀಗೇ ಗಡುವು ಕೊಟ್ಟಿದ್ದಳು, ಅದರಲ್ಲೀಗ ಈರುಳ್ಳಿ ಇದೆ. ಅವನು ಬೋಗುಣಿಗೆ ಇನ್ನೊಂದಿಷ್ಟು ನೀರು ಹಾಕಿ ಆಕಾಶ ನೋಡಿದ. ಸೂರ್ಯ ಆಗಲೇ ತೆಂಗಿನಮರದ ಸೊಂಟದವರೆಗೆ ಬಂದಿದ್ದ.

ಅದೇ ಹೊತ್ತಿಗೆ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ಹದಿನೆಂಟು ದಿನದಿಂದ ಭರಮಸಾಗರದ ಮಗಳ ಮನೆಯಲ್ಲಿದ್ದ ಮರುಳಸಿದ್ದಮ್ಮ ಹಬ್ಬಕ್ಕೆಂದು ವಾಪಸು ಬಂದಿದ್ದಳು. ಆ ಹದಿನೆಂಟು ದಿನ ಬಾವಿ ಬೀದಿಯಲ್ಲಿ ಗುಬ್ಬಚ್ಚಿಗಳ ಮಾತೂ ಕೇಳಿಸುತ್ತಿತ್ತು. ಆಟೋ ಹೋದ ಎರಡನೇ ನಿಮಿಷಕ್ಕೆ ಅವಳ ಕೂಗು ಎದ್ದಿತು.

ಅವಳದು ಮಾವನ ಕಾಲದ ಸಾಗುವಾನಿ ಬಾಗಿಲು. ಬಾಗಿಲಿನಲ್ಲೇ ಕೂರಿಸಿದ ಬೀಗ, ಹೆಬ್ಬೆರಳು ತೂರುವಂಥ ತೂತು, ಗೇಣುದ್ದದ ಬೀಗದಕೈ. ಆ ಕೈ ಇವತ್ತು ಒಳಗೆ ಹೋಗಲೊಲ್ಲದು. ಬಗ್ಗಿ ನೋಡಿದರೆ ತೂತಿಗೆ ಮಣ್ಣು ಮೆತ್ತಿದೆ. ಮೆತ್ತಿದ್ದೂ ಹೇಗೆ, ಕುಂಬಾರನು ಮಡಕೆಯ ತಳ ತಟ್ಟಿದಷ್ಟು ನಯವಾಗಿ. ಬೀಗದಕೈ ತಾಗಿದ ಕಡೆ ಮಾತ್ರ ಒಂದು ಚಕ್ಕೆ ಎದ್ದಿತ್ತು.

ಐದು ನಿಮಿಷದಲ್ಲಿ ಬೀದಿಯೆಲ್ಲ ಅಲ್ಲಿ. ಅಮಾವಾಸ್ಯೆಯ ದಿನ, ಬೀಗದ ಬಾಯಿಗೆ ಮಣ್ಣು. ಇದು ಬಾಯಿಕಟ್ಟು ಮಾಟ ಎಂದು ಒಬ್ಬರೆಂದರು. ಬೀಗದ ಬಾಯಿ ಕಟ್ಟಿದರೆ ಮನೆಯೊಡತಿಯ ಬಾಯಿ ತಾನಾಗಿ ಕಟ್ಟುತ್ತದೆ ಎಂದು ಇನ್ನೊಬ್ಬರು ವಿವರಿಸಿದರು. ಹಾಗಿದ್ದರೆ ಮಾಟ ಇನ್ನೂ ಹತ್ತಿಲ್ಲ ಎಂಬುದು ಎಲ್ಲರಿಗೂ ಕಿವಿಯಾರೆ ಗೊತ್ತಾಗುತ್ತಿತ್ತು. ಕೆಲವರಿಗೆ ಅದರಿಂದ ಸ್ವಲ್ಪ ಬೇಸರವೂ ಆದಂತಿತ್ತು.

ಚಂದ್ರುವನ್ನು ಕರೆಸಿದರು. ಅವನು ತಂತಿ, ಇಕ್ಕಳ, ಎಣ್ಣೆಡಬ್ಬಿ ಇದ್ದ ಚೀಲ ಕೆಳಗಿಟ್ಟು, ಡಾಕ್ಟರು ನಾಲಿಗೆ ನೋಡುವಂತೆ ಬೀಗ ನೋಡಿದ. ಉಗುರಿನಿಂದ ಚೂರು ಕೆರೆದು ಬೆಳಕಿಗೆ ಹಿಡಿದ.

“ಇದು ಕೆಮ್ಮಣ್ಣು. ನಮ್ಮ ಬೀದೀದಲ್ಲ.”

ಅಷ್ಟು ಸಾಕಾಯಿತು. ಬಾವಿ ಬೀದಿಯಲ್ಲಿ ಕೆಮ್ಮಣ್ಣು ತಂದಿಟ್ಟುಕೊಂಡವನು ಒಬ್ಬನೇ. ಎಲ್ಲರ ಕಣ್ಣೂ ಗಾಳಿಗೆ ತಿರುಗಿದ ಜೋಳದ ತೆನೆಯಂತೆ ಪಕ್ಕದ ಮನೆಯ ಕಡೆ ತಿರುಗಿದವು. ಮುಂದೆ ಮರುಳಸಿದ್ದಮ್ಮ, ಹಿಂದೆ ಚಂದ್ರು, ಅವನ ಹಿಂದೆ ಉಳಿದವರು, ಮೆರವಣಿಗೆ ರೇವಣಸಿದ್ದಪ್ಪನ ಹಿತ್ತಲಿಗೆ ಬಂತು.

ಅಲ್ಲಿ ಬೋಗುಣಿ ತುಂಬ ಹಸಿ ಕೆಮ್ಮಣ್ಣು. ಗೋಡೆಯ ಮೇಲೆ ಮೂವತ್ತೆರಡು ಕಣ್ಣಿನ ಪೆಟ್ಟಿಗೆ. ಅದನ್ನು ನಲವತ್ತು ದಿನ ನೋಡಿ ನಕ್ಕವರಿಗೇ ಈಗ ಅದು ಯಾವುದೋ ಯಂತ್ರದಂತೆ ಕಂಡಿತು. ಪಕ್ಕದ ಕಲ್ಲಿನ ಮೇಲೆ ನೋಟ್‌ಬುಕ್ಕು ಬಿಚ್ಚಿ ಬಿದ್ದಿತ್ತು. ಚಂದ್ರು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ. “ಮೂವತ್ತೆಂಟನೇ ದಿನ. ಬೆಳಗ್ಗೆ ಆರೂ ಹತ್ತು, ಬಂದಿಲ್ಲ. ಸಂಜೆ ಐದೂವರೆ, ಬಂದಿಲ್ಲ. ಬಾಯಿ ಮುಚ್ಚುವ ಮಣ್ಣು ಹದವಾಗಿದೆ.”

ಮರುಳಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನನ್ನ ದಾರಿ ಕಾಯ್ತಿದ್ರಾ? ನಾನು ನಿಮಗೇನ್ ಮಾಡಿದ್ದೆ? ಲಗ್ನದ ಅಯ್ನೋರು ಅಂದಿದ್ದಕ್ಕೆ ಇಷ್ಟು ದೊಡ್ಡ ಹಗೆನಾ?”

ರೇವಣಸಿದ್ದಪ್ಪನಿಗೆ ಹೆದರಿಕೆಯಾದಾಗ ಒಂದು ಕೆಟ್ಟ ಅಭ್ಯಾಸ. ಲೆಕ್ಕ ತಪ್ಪದಂತೆ ಉತ್ತರ ಕೊಡುವುದು. ಮಾಟ ಮಾಡಿಲ್ಲ ಎಂದು ಹೇಳಿ ಸುಮ್ಮನಾಗುವ ಬದಲು, ಮಣ್ಣು ತನ್ನದೇ ಇರಬಹುದೆಂದೂ, ಸೋಮವಾರ ಮೂರು ಬೊಗಸೆ ಹಾಕಿದ್ದೆನೆಂದೂ, ಅದರಲ್ಲಿ ಸ್ವಲ್ಪ ಕಡಿಮೆಯಾದಂತೆ ಕಂಡಿತೆಂದೂ, ಅದು ಎಲ್ಲಿಗೆ ಹೋಯಿತೆಂದು ಮಾತ್ರ ಖಚಿತವಾಗಿ ಹೇಳಲಾರೆನೆಂದೂ ಹೇಳಿದ. ಒಳಗಿಂದ ಕೇಳಿಸಿಕೊಂಡ ಸುಮಿತ್ರಾ ಹೋಳಿಗೆಗೆ ನಾದುತ್ತಿದ್ದ ಕಣಕವನ್ನು ಅಲ್ಲೇ ಬಿಟ್ಟು ಹಣೆಗೆ ಕೈಹಚ್ಚಿಕೊಂಡಳು.

ಅವನನ್ನು ಬೀಗದ ಮುಂದೆ ತಂದು ನಿಲ್ಲಿಸಿದರು. ಮಾಡಿದವರೇ ನೋಡಿ ಹೇಳಲಿ ಎಂದರು. ಅವನು ಬಗ್ಗಿ ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಅಷ್ಟರಲ್ಲಿ ಅವನ ಕಿವಿಯ ಪಕ್ಕದಲ್ಲೇ ಸಣ್ಣಗೆ ‘ಗುಂಯ್’ ಎಂದಿತು. ಕಪ್ಪು ಮೈ, ಬೆನ್ನಿನ ಮೇಲೆ ಇಟ್ಟಿಗೆ ಬಣ್ಣದ ರೋಮ, ಬಾಯಿಯಲ್ಲಿ ಸಾಸಿವೆಯಷ್ಟು ಕೆಂಪು ಉಂಡೆ. ಇಷ್ಟು ಜನರನ್ನು ಕ್ಯಾರೇ ಅನ್ನದೆ ಒಂದು ಜೇನು ಬಂದು ಬೀಗದ ಮೇಲೆ ಕೂತಿತು. ಬೀಗದಕೈ ಎಬ್ಬಿಸಿದ್ದ ಚಕ್ಕೆಯ ಜಾಗಕ್ಕೆ ಉಂಡೆಯಿಟ್ಟು, ತಲೆಯಿಂದ ಒತ್ತಿ, ಗಾರೆಯವನಂತೆ ಅತ್ತಿತ್ತ ಸವರಿ, ಹಾರಿತು. ನೇರ ಅವನ ಹಿತ್ತಲ ಕಡೆಗೇ ಹಾರಿತು.

ನಲವತ್ತೊಂದು ದಿನ ಕಾದವನು ಅವನು. ಎಲ್ಲಿದ್ದೇನೆ, ಯಾರ ಮುಂದಿದ್ದೇನೆ ಎಂಬುದೆಲ್ಲ ಮರೆತುಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಚಪ್ಪಾಳೆ ತಟ್ಟಿಬಿಟ್ಟ.

“ನಂದೇ! ನಂದೇ ಮಣ್ಣು! ಕೊನೆಗೂ ಕೆಲಸ ಆಯ್ತು!”

ತಪ್ಪೊಪ್ಪಿಕೊಂಡವರನ್ನು ಬೀದಿಯವರು ನೋಡಿದ್ದರು, ಆದರೆ ಇಷ್ಟು ಸಂತೋಷದಿಂದ ಒಪ್ಪಿಕೊಂಡವರನ್ನು ನೋಡಿರಲಿಲ್ಲ.

ಅವನು ತೊದಲುತ್ತ ವಿವರಿಸಿದ. ಪೆಟ್ಟಿಗೆಗೆ ಬಾರದ ಒಂಟಿ ಜೇನು ಈ ತೂತಿಗೆ ಬಂದಿದೆ. ತನ್ನ ಬೋಗುಣಿಯ ಮಣ್ಣನ್ನೇ ಹೊತ್ತು ತಂದಿದೆ. ಈ ಮಣ್ಣಿನ ಹಿಂದೆ ಮೊಟ್ಟೆಗಳಿವೆ. ಬೇಕಾದರೆ ಸ್ವಲ್ಪ ಕಾಯಿರಿ, ಅದು ಇನ್ನೊಂದು ಉಂಡೆ ತರುತ್ತದೆ. ಎಲ್ಲರೂ ಕಾದರು. ಅದು ತಂದಿತು. ಮಾಟದ ಮಾತು ಹೀಗೆ ಬಿದ್ದುಹೋಯಿತು, ಆದರೆ ಮರುಳಸಿದ್ದಮ್ಮನ ಬಾಗಿಲು ಮುಚ್ಚಿಯೇ ಇತ್ತು. ಹುಳ ಆ ಕಡೆ ಹಾರಿದ್ದೇ ತಡ, ಚಂದ್ರು ತಂತಿ ನೆಟ್ಟಗೆ ಮಾಡಿಕೊಂಡು, ಎರಡು ನಿಮಿಷದ ಕೆಲಸ, ಎಲ್ಲ ಕೆರೆದು ತೆಗೀತೀನಿ ಎಂದ.

ಆಗ ರೇವಣಸಿದ್ದಪ್ಪ ಜೀವಮಾನದಲ್ಲೇ ಮಾಡದ ಕೆಲಸ ಮಾಡಿದ. ಬೀಗದ ಮೇಲೆ ಅಂಗೈ ಮುಚ್ಚಿ ನಿಂತುಬಿಟ್ಟ.

“ಕೈ ತೆಗೀರಿ,” ಎಂದಳು ಮರುಳಸಿದ್ದಮ್ಮ.

“ಬ್ಯಾಡ್ರಿ ಅಕ್ಕ. ಒಳಗೆ ಮರಿ ಅವೆ.”

“ಒಳಗೆ ನನ್ನ ಮನೆ ಐತೆ.”

ಅವನು ಇನ್ನೊಂದು ಅಂಗೈಯನ್ನೂ ಅದರ ಮೇಲಿಟ್ಟ. ಸುಮಿತ್ರಾ ಕಣಕದ ಕೈಯಲ್ಲೇ ಓಡಿಬಂದು ಅವನ ಪಕ್ಕ ನಿಂತಳು. ಪೆಟ್ಟಿಗೆಯನ್ನು ಒಲೆಗೆ ಹಾಕುತ್ತೇನೆಂದವಳು ಅವಳೇ ಆದರೂ, ಗಂಡನನ್ನು ಬೀದಿಯವರಿಗೆ ಬಿಟ್ಟುಕೊಡುವವಳಲ್ಲ.

ಅಷ್ಟರಲ್ಲಿ ಕೋಲಿನ ಸದ್ದು ಕೇಳಿ ಜನ ದಾರಿ ಬಿಟ್ಟರು. ಬರಗೇರಮ್ಮ ಬಂದಳು. ಮರುಳಸಿದ್ದಮ್ಮನ ಮನೆಯ ಇನ್ನೊಂದು ಮಗ್ಗುಲಿನವಳು, ಬೀದಿಯಲ್ಲೇ ಹಿರಿಯಳು. ಹಲ್ಲಿಲ್ಲ, ಮರೆವಿಲ್ಲ. ಎರಡು ಕಿವಿಯಲ್ಲೂ ಸದಾ ಹತ್ತಿ. ಎರಡು ವರ್ಷದ ಹಿಂದೆ ಮರುಳಸಿದ್ದಮ್ಮ ಮನೆಗೆ ಹೆಂಚು ಹೊದಿಸುವಾಗ ಎಂಟು ದಿನ ಬರಗೇರಮ್ಮನ ಜಗಲಿಯ ಮೇಲೆ ಠಿಕಾಣಿ ಹೂಡಿದ್ದಳು. ಹತ್ತಿ ಕಿವಿ ಸೇರಿದ್ದು ಅದರ ಎರಡನೆಯ ದಿನ, ಆಮೇಲೆ ಹೊರಗೆ ಬಂದಿರಲಿಲ್ಲ.

ಬರಗೇರಮ್ಮ ಬಗ್ಗಿ ಬೀಗ ನೋಡಿದಳು. ಒಂದು ಕಿವಿಯ ಹತ್ತಿ ತೆಗೆದು ಎಲ್ಲರ ಮಾತೂ ಕೇಳಿದಳು. ಆಮೇಲೆ ಚಂದ್ರುವಿನ ತಂತಿಯನ್ನು ಕೋಲಿನಿಂದ ಅತ್ತ ತಳ್ಳಿದಳು.

“ತೆಗಿಯಲೇ ಆ ತಂತೀನ. ಹುಳ ಮಣ್ಣಿನ ಗೂಡು ಕಟ್ಟಿದ ಮನೇಲಿ ತೊಟ್ಲು ಕಟ್ತಾರೆ. ನಮ್ಮವ್ವ ಹೇಳ್ತಿದ್ಲು, ಅವರವ್ವ ಹೇಳ್ತಿದ್ಲು. ಆ ಗೂಡು ಕೆಡವಿದೋರ ಮನೆ ತೊಟ್ಲು ಅಟ್ಟದಿಂದ ಕೆಳಗಿಳಿಯಲ್ಲ.”

ಜನರೆಲ್ಲ ಹೌದಲ್ಲ ಎಂದು ತಲೆಯಾಡಿಸಿದರು. ಆ ಮಾತು ಅವರೂ ಕೇಳಿದ್ದೇ. ರೇವಣಸಿದ್ದಪ್ಪನಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಆ ಮಾತಿರುವುದು ಗೋಡೆಯ ಮೂಲೆಯಲ್ಲಿ ಗೂಡು ಕಟ್ಟುವ ಕುಂಬಾರ ಹುಳಕ್ಕೆ. ಅದು ಕಣಜದ ಜಾತಿ, ಇದು ಜೇನಿನ ಜಾತಿ. ಮೇಡಂ ಇದನ್ನು ಒತ್ತಿ ಹೇಳಿದ್ದರು. ತಪ್ಪು ತಿಳಿವಳಿಕೆ ಕಣ್ಣೆದುರೇ ಹಬ್ಬುತ್ತಿರುವಾಗ ಸುಮ್ಮನಿರುವುದು ಸರಿಯೇ?

“ಅಜ್ಜಿ, ಆ ಮಾತು ಕುಂಬಾರ ಹುಳಕ್ಕೆ. ಇದು ಅದಲ್ಲ, ಇದು…”

ಸುಮಿತ್ರಾ ಅವನ ಕಾಲ್ಬೆರಳಿನ ಮೇಲೆ ಹಿಮ್ಮಡಿ ಊರಿದಳು. ಉಳಿದ ವಾಕ್ಯ ಅವನ ಗಂಟಲಿನಲ್ಲೇ ಗೂಡು ಕಟ್ಟಿತು.

ವಿಚಿತ್ರವೆಂದರೆ ಮರುಳಸಿದ್ದಮ್ಮನ ಸಿಟ್ಟು ಅಲ್ಲೇ ಇಳಿದುಹೋಯಿತು. ಬೀಗದಕೈ ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳ ಮಗಳು ಸಹನಾಳ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವಳಿಗೆ ವಾರದಿಂದ ಊಟ ಸೇರುತ್ತಿರಲಿಲ್ಲ. ಅವತ್ತು ಬೆಳಗ್ಗೆ ಗಂಡಹೆಂಡತಿ ದಾವಣಗೆರೆಗೆ ಡಾಕ್ಟರ ಹತ್ತಿರ ಹೋಗಿದ್ದರು. ಆಸೆಪಟ್ಟು ಮೋಸಹೋದದ್ದು ಎಷ್ಟೋ ಸಲವಾದ್ದರಿಂದ ಮರುಳಸಿದ್ದಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಕೇಳುವಂತೆ ಮಾತಾಡುವ ಹೆಂಗಸು ಇದೊಂದನ್ನು ಮಾತ್ರ ಬಚ್ಚಿಟ್ಟುಕೊಂಡಿದ್ದಳು. ಈಗ ಮಗಳಿಗೆ ಫೋನು ಹಚ್ಚಿದಳು.

ಆ ಕಡೆಯಿಂದ ಮಗಳು ಏನಂದಳೋ ಯಾರಿಗೂ ಕೇಳಿಸಲಿಲ್ಲ. ಇವಳ ಮುಖ ಕೆಮ್ಮಣ್ಣಿನಂತೆ ಕೆಂಪಗಾಗಿ, ಸೆರಗು ಬಾಯಿಗೆ ಹೋಯಿತು. ಬಾವಿ ಬೀದಿಯ ನೆನಪಿನಲ್ಲಿ ಮೊದಲ ಸಲ ಮರುಳಸಿದ್ದಮ್ಮ ಮೆಲ್ಲಗೆ ಮಾತಾಡಿದಳು. “ಎರಡು ತಿಂಗಳಂತೆ,” ಎಂದಳು.

ಆಮೇಲಿನ ಸಂಭ್ರಮ ಹೇಳತೀರದು. ಬೀಗಕ್ಕೆ ಕುಂಕುಮ ಹಚ್ಚಲು ಒಬ್ಬಳು ಬಂದಳು. ಹುಳಕ್ಕೆ ತೊಂದರೆಯಾದೀತೆಂದು ರೇವಣಸಿದ್ದಪ್ಪ ಕೈಮುಗಿದು ತಡೆದ. ಚಂದ್ರು ತಂತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ತಾನು ಮೊದಲೇ ಮೆಲ್ಲಗೆ ತೆಗೆಯೋಣ ಅಂದುಕೊಂಡಿದ್ದೆ ಎಂದ. ಹೂವಿಗೆ ಲಗ್ನ ಮಾಡಿಸುವವನೆಂದು ನಕ್ಕವರೇ ಈಗ ಅವನನ್ನು ಸುತ್ತುವರಿದು, ತಮ್ಮ ಮನೆಗೂ ಒಂದು ಹುಳ ಕಳಿಸಲಾಗುತ್ತದೆಯೇ ಎಂದು ಕೇಳಿದರು. ಅವನು ಗೆದ್ದ ಪೈಲ್ವಾನನಂತೆ ನಿಂತಿದ್ದ. ಮರಿ ಹೊರಬರಲು ಎಷ್ಟು ದಿನವೆಂದು ಯಾರೋ ಕೇಳಿದಾಗ ಎಂದಿನ ಪ್ರಾಮಾಣಿಕತೆಯಿಂದ, ನಲವತ್ತೈದು ದಿನ ಆಗಬಹುದು, ಅಲ್ಲಿವರೆಗೆ ಬಾಗಿಲು ಅಲುಗಾಡಿಸಬಾರದು ಎಂದ.

ಸಂಭ್ರಮ ಅಲ್ಲಿಗೆ ನಿಂತಿತು. ನಲವತ್ತೈದು ದಿನ ಮರುಳಸಿದ್ದಮ್ಮ ಎಲ್ಲಿರಬೇಕು?

ಹಿತ್ತಲ ಬಾಗಿಲಿಗೆ ಒಳಗಿಂದ ಅಗಳಿ. ಹೆಂಚು ತೆಗೆದು ಇಳಿಯಬಹುದೆಂದು ಚಂದ್ರು ಹೇಳಿದ. ಹೊಸ ವರ್ಷ ನಾಳೆ ಅನ್ನುವಾಗ ತನ್ನ ಮನೆಗೆ ತಾನೇ ಕಳ್ಳಿಯಂತೆ ಸೂರಿನಿಂದ ಇಳಿಯಲೇ ಎಂದು ಮರುಳಸಿದ್ದಮ್ಮ ಕೇಳಿದಳು. ಅದೂ ಅಲ್ಲದೆ ಅವಳ ಗಾತ್ರಕ್ಕೆ ಎಷ್ಟು ಹೆಂಚು ತೆಗೆಯಬೇಕೆಂಬ ಲೆಕ್ಕ ಯಾರಿಗೂ ಧೈರ್ಯ ಕೊಡಲಿಲ್ಲ. ಮರುಳಸಿದ್ದಮ್ಮನ ಕಣ್ಣು ಮೆಲ್ಲಗೆ ಬರಗೇರಮ್ಮನ ಜಗಲಿಯ ಕಡೆ ಹೊರಳಿತು. ಅದನ್ನು ಬರಗೇರಮ್ಮ ಕಂಡಳು. ಕೋಲನ್ನು ನೆಲಕ್ಕೆ ಕುಟ್ಟಿದಳು.

“ಇದಕ್ಕೂ ಒಂದು ಪದ್ಧತಿ ಐತೆ. ಗೂಡಿಗೆ ಯಾರ ಮನೆ ಕೆಸರು ಹೋಗೈತೋ ಅದೇ ತವರುಮನೆ. ಗೂಡು ಒಡೆಯೋವರೆಗೂ ಮನೆಯೊಡತಿ ತವರಲ್ಲೇ ಇರ್ಬೇಕು. ಕೆಸರು ಯಾರದು?”

ನಂದೇ ಮಣ್ಣು ಎಂದು ಚಪ್ಪಾಳೆ ತಟ್ಟಿ ಸಾರಿದವನು ಅಲ್ಲೇ ನಿಂತಿದ್ದ. ಸುಮಿತ್ರಾ ಗಂಡನನ್ನು ನೋಡಿದಳು. ಗಂಡ ತನ್ನ ಕಾಲ್ಬೆರಳು ನೋಡಿಕೊಂಡ. ಮರುಳಸಿದ್ದಮ್ಮ ಮೆಟ್ಟಿಲಿಂದ ಎದ್ದು, ಭರಮಸಾಗರದಿಂದ ತಂದಿದ್ದ ಎರಡು ಚೀಲಗಳನ್ನು ಅವನ ಕೈಗಿತ್ತು, “ನಡೀರಿ ತಮ್ಮ, ಹೋಗಾಣ. ಬಿಸಿಲು ಏರ್ತಾ ಐತೆ,” ಎಂದಳು. ಬೆಳಗ್ಗೆ ಮಾಟಗಾರನಾಗಿದ್ದವನು ಮಧ್ಯಾಹ್ನಕ್ಕೆ ತಮ್ಮನಾಗಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿದ್ದಳು. ಹೋಳಿಗೆಗೆ ಬೆಲ್ಲ ಸಾಲದೆಂದಿದ್ದಳು, ಸುಮಿತ್ರಾ ರುಚಿ ನೋಡಿ ಹೌದೆಂದು ಒಪ್ಪಿದ್ದಳು. ಮೂರು ಗಂಟೆಗೆ ಇಬ್ಬರೂ ಸೇರಿ ರೇವಣಸಿದ್ದಪ್ಪನ ಬಗ್ಗೆ ಮಾತಾಡಿ ನಗುತ್ತಿದ್ದರು. ಅವನು ನಡುಮನೆಯಲ್ಲಿ ಮಲಗಲು ನೋಡಿದ. ನಿದ್ದೆ ಬರಲಿಲ್ಲ. ಕಿವಿಗಿಡಲು ಹತ್ತಿ ಹುಡುಕಿದ. ಮನೆಯಲ್ಲಿದ್ದ ಹತ್ತಿಯೆಲ್ಲ ಹಬ್ಬಕ್ಕೆ ಬತ್ತಿ ಹೊಸೆಯಲು ಮರುಳಸಿದ್ದಮ್ಮನ ಪಾಲಾಗಿತ್ತು.

ಹೊತ್ತು ಇಳಿಯುತ್ತ ಬಂದಾಗ ಅವನಿಗೆ ಪೆಟ್ಟಿಗೆಯ ನೆನಪಾಯಿತು. ಹುಳ ಬಂದದ್ದೇನೋ ನಿಜ, ಪೆಟ್ಟಿಗೆಗಂತೂ ಬಂದಿರಲಿಲ್ಲ. ಸುಮಿತ್ರಾ ಹೇಳಿದರೆ ಹೇಳಿದಂತೆಯೇ. ದೀಪದ ಹೊತ್ತಾಗುತ್ತಿತ್ತು. ಕೊನೆಯ ಸಲ ನೋಡಿಬಿಡೋಣವೆಂದು ಹಿತ್ತಲಿಗೆ ಹೋದ.

ಹೋದವನು ನಿಂತಲ್ಲೇ ನಿಂತ. ಮೇಲಿನ ಸಾಲಿನ ನಾಲ್ಕನೇ ಕೊಳವೆಯ ಬಾಯಿ ಮುಚ್ಚಿತ್ತು. ನುಣ್ಣಗೆ, ದುಂಡಗೆ, ಬಿಳಿಬೂದು ಬಣ್ಣದ ಬಿರಡೆ. ಸಂಜೆಯ ಬೆಳಕಿನಲ್ಲಿ ಅದು ಒಣಗಿದ ಮಣ್ಣಿನಂತೆಯೇ ಕಂಡಿತು. ಬಂತು. ಕೊನೆಗೂ ತನ್ನ ಮನೆಗೇ ಬಂತು. ಮೂವತ್ತೆರಡರಲ್ಲಿ ಒಂದಾದರೂ ಭರ್ತಿಯಾಯಿತು. ಕೂಸಿನ ಕೆನ್ನೆ ಮುಟ್ಟುವಂತೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದ.

ಬೆರಳು ಬೆಳ್ಳಗಾಯಿತು.

“ಮೆಲ್ಲಕ್ರಿ ತಮ್ಮ, ಅದು ನನ್ನ ವಿಭೂತಿ,” ಎಂಬ ದನಿ ಹಿಂದಿನಿಂದ ಬಂತು. ಮರುಳಸಿದ್ದಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಅನುಕೂಲದ ಪೆಟ್ಟಿಗೆ ಮಾಡೀರಿ ಎಂದು ಹೊಗಳಿದಳು. ಆಗ ಅವನು ಸರಿಯಾಗಿ ನೋಡಿದ. ಎರಡನೇ ಸಾಲಿನಲ್ಲಿ ಊದುಬತ್ತಿ. ಮೂರನೆಯದರಲ್ಲಿ ಹೊಸೆದ ಹತ್ತಿಬತ್ತಿ, ಕೊಳವೆಗೆ ಐದರಂತೆ. ಕೆಳಗಿನ ಸಾಲಿನಲ್ಲಿ ಹೇರ್‌ಪಿನ್ನು, ಬಾಚಣಿಗೆಯ ಹಿಡಿ, ಹಲ್ಲುಜ್ಜುವ ಬ್ರಷ್ಷು, ಸುರುಳಿ ಸುತ್ತಿದ ಔಷಧಿ ಚೀಟಿ. ಮೂವತ್ತೆರಡು ಕೋಣೆಯಲ್ಲಿ ಒಂದೂ ಖಾಲಿ ಇರಲಿಲ್ಲ.

ಸುಮಿತ್ರಾ ದೀಪ ಹಚ್ಚಿ ಹಿತ್ತಲಿಗೆ ಬಂದಳು. ಪೆಟ್ಟಿಗೆ ನೋಡಿದಳು, ಗಂಡನ ಮುಖ ನೋಡಿದಳು. “ಖಾಲಿ ಇಲ್ಲವಲ್ಲ, ಸುಡಲ್ಲ ಬಿಡ್ರಿ,” ಎಂದು ಒಳಗೆ ಹೋದಳು. ಮಾತಿಗೆ ತಪ್ಪಲಿಲ್ಲ.

ರೇವಣಸಿದ್ದಪ್ಪ ಬಿಳಿಯಾದ ಬೆರಳನ್ನು ಪಂಚೆಗೆ ಒರೆಸಲು ಹೋದ.

“ಹಂಗೆ ಒರೆಸ್ಕಬಾರ್ದು,” ಎಂದಳು ಮರುಳಸಿದ್ದಮ್ಮ. “ಮುಟ್ಟೀರಲ್ಲ, ಹಣೆಗೆ ಹಚ್ಚಿಕಳ್ರಿ.”

ಅವನು ಹಚ್ಚಿಕೊಂಡ.

ಬೀಗದ ಮಣ್ಣಿಗೆ ಮುಂದೆ ಒಂದು ದಿನ ಸಣ್ಣ ತೂತು ಬಿದ್ದದ್ದು ನಿಜ. ಅದು ಎಷ್ಟನೇ ದಿನವೆಂಬ ಬಗ್ಗೆ ಬೀದಿಯಲ್ಲಿ ಒಮ್ಮತವಿಲ್ಲ. ಒಂದೇ ತೂತು ಬಿದ್ದೈತೆ, ಒಳಗೆ ಇನ್ನೆಷ್ಟು ಮರಿ ಅವೆಯೋ ಎಂದು ಮರುಳಸಿದ್ದಮ್ಮ ಮತ್ತೂ ಹನ್ನೊಂದು ದಿನ ತವರಲ್ಲೇ ಕಾದಳು. ಅಷ್ಟು ದಿನವೂ ಬರಗೇರಮ್ಮನ ಕಿವಿಯಲ್ಲಿ ಹತ್ತಿ ಇರಲಿಲ್ಲ. ಕೆಸರಿನ ಪದ್ಧತಿಯನ್ನು ಆಕೆ ಹಿರಿಯರಿಂದ ಕೇಳಿದ್ದಳೋ, ಆ ಬಿಸಿಲಿನಲ್ಲಿ ನಿಂತಲ್ಲೇ ಕಟ್ಟಿದಳೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕುಂಬಳದ ಬಳ್ಳಿಯಲ್ಲಿ ಈಗ ಎರಡು ಕಾಯಿ ನಿಂತಿವೆ. ಅದು ಕುಂಚದಿಂದಲೋ ಹುಳದಿಂದಲೋ ತಿಳಿಯದು. ಉಪ್ಪುಕಾಗದದಲ್ಲಿ ಉಜ್ಜಿದ ಮೂವತ್ತೆರಡು ಕೋಣೆ ಬಿಟ್ಟು ಆ ಜೇನು ಒಂದು ಹಳೆಯ ಬೀಗವನ್ನೇ ಯಾಕೆ ಆರಿಸಿಕೊಂಡಿತು ಎಂಬುದೂ ಗೊತ್ತಿಲ್ಲ. ಮೇಡಂ ಅವರಿಗೆ ಪತ್ರ ಬರೆದು ಕೇಳಬೇಕೆಂದು ರೇವಣಸಿದ್ದಪ್ಪ ಅಂದುಕೊಳ್ಳುತ್ತಲೇ ಇದ್ದಾನೆ, ಇನ್ನೂ ಬರೆದಿಲ್ಲ.